ಶಂಕ್ರೆವ್ವನ ಸ್ಕ್ಯಾನ್

ಮತ್ತೆ ಬೇರೆ ಯಾರೋ ಒಳಗೆ ಹೋದರು.

ಪರಮಾನಂದ ಥರ್ಮೋಕೋಲ್ ಡಬ್ಬಿಯನ್ನು ತೊಡೆಯ ಮೇಲಿಂದ ಪಕ್ಕದ ಕುರ್ಚಿಗೆ ಇಳಿಸಿದ. ಆ ಕುರ್ಚಿಗೂ ಒಬ್ಬರು ಬಂದರು. ಡಬ್ಬಿ ಮತ್ತೆ ತೊಡೆಗೆ ಬಂತು. ಬೆಳಿಗ್ಗೆಯಿಂದ ಇದೇ ನಡೆದಿತ್ತು. ರೋಗಿಗಳಿಲ್ಲದ ಹೊತ್ತು ನೋಡಿ ಅವನ ಗಾಜಿನ ಕೊಳವೆಗಳನ್ನು ಎಂಆರ್‌ಐ ಯಂತ್ರದಲ್ಲಿಟ್ಟು ಚಿತ್ರ ತೆಗೆದುಕೊಡುವುದೆಂದು ಜಮಖಂಡಿಯ ಈ ಸ್ಕ್ಯಾನ್ ಸೆಂಟರಿನವರು ಒಪ್ಪಿದ್ದರು. ರೋಗಿಗಳಿಲ್ಲದ ಹೊತ್ತು ಎಂಬುದೊಂದು ಇರುತ್ತದೆಂದು ಅವನೂ ನಂಬಿದ್ದ.

"ಶೀತಲ್, ಇನ್ನ ಎಷ್ಟ ಮಂದಿ?"

ಟೆಕ್ನಿಷಿಯನ್ ಶೀತಲ್ ಬಾಗಿಲ ಸಂದಿಯಿಂದ ಮುಖವನ್ನಷ್ಟೇ ಹೊರಗೆ ಹಾಕಿದ. "ಇದೊಂದ ಸರ್. ಮೊಣಕಾಲ ಐತ್ರಿ."

"ಆಗಳೂ ಇದೊಂದ ಅಂದಿದ್ದಿ."

"ಅದು ಬೆನ್ನ ಇತ್ರಿ ಸರ್."

ಬಾಗಿಲು ಮುಚ್ಚಿತು.

ಡಬ್ಬಿಯಲ್ಲಿದ್ದುದು ಅವನ ಪಾಲಿಮರು. ಎಂಆರ್‌ಐ ತೆಗೆಯುವಾಗ ಕೆಲವರ ರಕ್ತಕ್ಕೆ ಕಾಂಟ್ರಾಸ್ಟ್ ಎಂಬ ಔಷಧ ಚುಚ್ಚುತ್ತಾರೆ. ಅದರೊಳಗಿನ ಲೋಹದಿಂದ ಬೂದು ಚಿತ್ರದಲ್ಲಿ ಗಂಟು ಬೇರೆ, ಮಾಂಸ ಬೇರೆ ಎಂದು ತಿಳಿಯುತ್ತದೆ. ಪೇಟೆಯ ಔಷಧದಲ್ಲಿರುವುದು ಗ್ಯಾಡೊಲಿನಿಯಮ್. ಕಿಡ್ನಿ ಕೈಕೊಟ್ಟವರ ಮೈಯಲ್ಲಿ ಅದು ಉಳಿದುಬಿಡುವ ಭಯವಿದೆ. ಪರಮಾನಂದ ಅದರ ಬದಲು ಮ್ಯಾಂಗನೀಸನ್ನು ಪಾಲಿಮರಿನ ಉದ್ದನೆಯ ಸರಪಳಿಗೆ ಕಟ್ಟುತ್ತಿದ್ದ. ವರ್ಷಗಳಿಂದ ಕಟ್ಟುತ್ತಲೇ ಇದ್ದ. ನೀರಿನಲ್ಲಿ ಸರಪಳಿ ಲೋಹವನ್ನು ಬಿಗಿಯಾಗಿ ಹಿಡಿಯುತ್ತಿತ್ತು, ರಕ್ತದ ಸೀರಮ್ಮಿಗೆ ಹಾಕಿದೊಡನೆ ಕೈಬಿಡುತ್ತಿತ್ತು. ಸರಪಳಿ ಗಿಡ್ಡ ಮಾಡಿದರೆ ಚಿತ್ರ ಮಂಕಾಗುತ್ತಿತ್ತು. ಉದ್ದ ಮಾಡಿದರೆ ಇಲಿಯ ಲಿವರಿನಲ್ಲಿ ಹೋಗಿ ಕೂತದ್ದು ಹೊರಗೆ ಬರುತ್ತಿರಲಿಲ್ಲ. ಧಾರವಾಡದಲ್ಲಿ ಇಲಿಗಳ ಮೇಲೆ ನಡೆದ ಪರೀಕ್ಷೆ ಅಲ್ಲಿಗೇ ನಿಂತಿತ್ತು. ಈ ಸಲದ್ದು ಬೇರೆ ಎಂದು ಅವನು ಅಂದುಕೊಂಡಿದ್ದ. ಹಾಗೆ ಅಂದುಕೊಳ್ಳುವುದು ಮಾತ್ರ ಬೇರೆಯಾಗಿರಲಿಲ್ಲ.

ಅವನು ಪಾಠ ಮಾಡುವ ಕಾಲೇಜಿನ ಪ್ರಿನ್ಸಿಪಾಲರ ಫೋನು ಬಂತು.

"ಎಲ್ಲಿದ್ದೀರಿ ಪರಮಾನಂದ ಅವ್ರ?"

"ಸ್ಕ್ಯಾನಿಂಗಿಗೆ ಬಂದೇನ್ರಿ."

"ಯಾಕ್ರಿ, ಆರಾಮಿಲ್ಲೇನು?"

"ನಂದಲ್ರಿ. ಸ್ಯಾಂಪಲ್."

"ಹಂಗಾದ್ರ ಆರಾಮ ಅದೀರಿ. ಬಿಎಸ್ಸಿ ಹುಡುಗರು ಲ್ಯಾಬಿನ ಮುಂದ ನಿಂತಾವು."

"ಬರ್ತೇನ್ರಿ," ಎಂದ. ಹೋಗುವುದಿಲ್ಲವೆಂದು ಅವನಿಗೂ ಗೊತ್ತಿತ್ತು, ಪ್ರಾಯಶಃ ಅವರಿಗೂ.

"ಅಯ್ಯ, ಪರಮಣ್ಣ!"

ತಲೆಯೆತ್ತಿದರೆ ಮಾಂತೇಶ, ಬನಹಟ್ಟಿಯ ಚಿಗವ್ವನ ಮಗ. ಅವನ ಹಿಂದೆ ಸೆರಗು ಹೊದ್ದು ಚಿಗವ್ವ ಶಂಕ್ರೆವ್ವನೇ ನಿಂತಿದ್ದಳು. ಪರಮಾನಂದನ ತಾಯಿಯ ತಂಗಿ. ಹೈಸ್ಕೂಲು ಮುಗಿಯುವ ತನಕ ಅವನು ಉಂಡು ಮಲಗಿದ್ದು ಅವಳ ಮನೆಯಲ್ಲಿ, ಮಗ್ಗದ ಖೋಲಿಗೆ ತಾಗಿದ ಪಡಸಾಲೆಯಲ್ಲಿ. ಬನಹಟ್ಟಿ ಇಲ್ಲಿಂದ ದೂರವೇನಲ್ಲ. ಅಲ್ಲಿಗೆ ಹೋಗಿ ಎಷ್ಟು ದಿನವಾಯಿತೆಂದು ಅವನು ಲೆಕ್ಕ ಹಾಕಲಿಲ್ಲ.

"ಅವ್ವಾ, ನೋಡಬೇ, ಅಣ್ಣ ಇಲ್ಲೇ ಅದಾನ. ದೇವರ ಕಳಿಸಿದಂಗ ಆತು."

"ಏನಾಗೇತಿ ಚಿಗವ್ವ?"

"ಏನೂ ಆಗಿಲ್ಲಪಾ. ಇವರಿಗೆ ಹೊತ್ತ ಹೋಗವಲ್ದು," ಎಂದಳು ಶಂಕ್ರೆವ್ವ. ಕುರ್ಚಿಯಲ್ಲಿ ಕೂರುವಾಗ ಹೊಟ್ಟೆಯ ಬಲಗಡೆಗೆ ಕೈ ಒತ್ತಿಕೊಂಡಳು.

ಮಾಂತೇಶ ಗೋಡೆಯ ಕಡೆ ಕರೆದೊಯ್ದು ಹೇಳಿದ. ಲಿವರಿನಲ್ಲಿ ಏನೋ ಗಂಟು ಕಂಡಿದೆ. ಎಂಥದ್ದೆಂದು ತಿಳಿಯಲು ಕಾಂಟ್ರಾಸ್ಟ್ ಹಾಕಿ ಎಂಆರ್‌ಐ ಮಾಡಿಸಿರಿ ಅಂದಿದ್ದಾರೆ. ಅಷ್ಟರಲ್ಲಿ ಸೆಂಟರಿನ ಡಾಕ್ಟರೇ ಹೊರಗೆ ಬಂದರು, ರಕ್ತದ ರಿಪೋರ್ಟು ಕೈಯಲ್ಲಿ ಹಿಡಿದು.

"ಕಿಡ್ನಿ ಭಾಳ ವೀಕ್ ಅದಾವ್ರಿ ಇವರವು. ನಮ್ಮ ಕಡೆ ಇರೋ ಕಾಂಟ್ರಾಸ್ಟ್ ನಾ ಕೊಡಂಗಿಲ್ಲ. ಸಾದಾ ಸ್ಕ್ಯಾನ್ ಮಾಡೂಣು."

"ಅದರಾಗ ತಿಳೀತೈತೇನ್ರಿ?"

"ತಿಳೀಬಹುದು. ತಿಳೀಲಿಕ್ಕಿಲ್ಲ." ಅವರು ಒಳಗೆ ಹೋದರು.

ಮಾಂತೇಶ ಡಬ್ಬಿ ನೋಡಿದ.

"ಅಣ್ಣಾ, ಪೇಪರಿನ್ಯಾಗ ಬಂದಿತ್ತಲ್ಲ? ಕಿಡ್ನಿಗೆ ತ್ರಾಸ ಇಲ್ಲದ ಔಷಧ ಅಂತ. ನಿನ್ನ ಫೋಟೋ ಸಹಿತ. ಅವ್ವ ಅದನ್ನ ಕತ್ತರಿಸಿ ಮಗ್ಗದ ಖೋಲ್ಯಾಗ ಅಂಟಿಸ್ಯಾಳ."

"ಅದು ಪೇಪರಿನವರು ಬರದದ್ದು."

"ಸುಳ್ಳೇನು?"

"ಸುಳ್ಳಲ್ಲ."

"ಮತ್ತ?"

"ಖರೇನೂ ಅಲ್ಲ. ಇನ್ನೂ."

"ಡಬ್ಬ್ಯಾಗ ಅದ ಐತೇನು?"

ಇಲ್ಲ ಅನ್ನಬಹುದಿತ್ತು. "ಹೂಂ," ಅಂದ.

ಮಾಂತೇಶನ ದನಿ ತಗ್ಗಿತು. "ಡಾಕ್ಟರ ಜೋಡಿ ನಾ ಮಾತಾಡ್ಲೇನು?"

"ಮನಷ್ಯಾರಿಗೆ ಕೊಟ್ಟಿಲ್ಲೋ. ಇಲಿಗೆ ಕೊಟ್ಟದ್ದೂ..." ಅಲ್ಲಿಗೇ ನಿಲ್ಲಿಸಿದ.

"ನೀ ಮಾಡಿದ್ದಂದ್ರ ನಡೀತೈತಿ," ಎಂದಳು ಶಂಕ್ರೆವ್ವ ಕೂತಲ್ಲಿಂದಲೇ. ಅವಳಿಗೆ ಎಲ್ಲವೂ ಕೇಳಿಸಿತ್ತು. "ಚುಚ್ಚಪಾ. ನಿನ್ನ ಕೈಯಾಂದು ನನಗೇನ ಅಂಜಿಕಿ?" ಬಳೆಗಳನ್ನು ಮೇಲೆ ಸರಿಸಿ ಕೈ ಚಾಚಿಯೇಬಿಟ್ಟಳು.

ತೆಳ್ಳನೆಯ ಚರ್ಮದ ಕೆಳಗೆ ನೀಲಿ ನರ ಎದ್ದು ಕಾಣುತ್ತಿತ್ತು. ಪರಮಾನಂದನಿಗೆ ಅಲ್ಲಿಂದ ಕಣ್ಣು ಕೀಳಲಾಗಲಿಲ್ಲ. ಅವಳ ತೂಕ ಎಷ್ಟಿರಬಹುದು? ಆ ತೂಕಕ್ಕೆ ಎಷ್ಟು ಬೇಕು? ಲಿವರು ತುಂಬ ಬೆಳ್ಳಗಾಗಿ, ನಡುವೆ ಗಂಟು ಮಾತ್ರ ಕಪ್ಪಾಗಿ ಉಳಿದ ಚಿತ್ರ, ಅದರ ಕೆಳಗೆ ಸಣ್ಣ ಅಕ್ಷರದ ಒಕ್ಕಣೆ: ಮನುಷ್ಯರಲ್ಲಿ ಮೊದಲ ಸಲ. ಎಲ್ಲವೂ ಕಣ್ಣ ಮುಂದೆ ಅಚ್ಚಾದಂತೆ ಬಂದುಬಿಟ್ಟವು. ಎಷ್ಟೋ ದಿನಗಳಿಂದ ಅವನು ಇಷ್ಟು ಖುಷಿಪಟ್ಟಿರಲಿಲ್ಲ. ಆ ಚಿತ್ರದಲ್ಲಿ ಶಂಕ್ರೆವ್ವ ಎಲ್ಲೂ ಇರಲಿಲ್ಲ ಎಂಬುದು ಹೊಳೆಯಲು ಕೊಂಚ ಹೊತ್ತು ಬೇಕಾಯಿತು.

"ಆಗೂದಿಲ್ಲ," ಎಂದ. ಗದರಿದಂತೆ ಕೇಳಿಸಿತು.

ಶಂಕ್ರೆವ್ವ ಕೈ ಹಿಂದಕ್ಕೆ ತೆಗೆದುಕೊಂಡಳು. ಬಳೆಗಳು ತಾವಾಗಿಯೇ ಕೆಳಗೆ ಇಳಿದವು.

"ಇಷ್ಟ ವರ್ಷ ಮಾಡಾಕತ್ತಿ," ಎಂದ ಮಾಂತೇಶ. "ಮನಿ ಮಂದಿಗೇ ಬರೂದಿಲ್ಲಂದ್ರ ಯಾರಿಗ್ಯೋ ಅಣ್ಣಾ ಅದು?"

ವಿಷಕಾರಿ ಅಂಶದ ಪರೀಕ್ಷೆ, ಸಮಿತಿ, ಅನುಮತಿ, ಒಂದಾದ ಮೇಲೊಂದು ಹಂತ, ಎಲ್ಲವನ್ನೂ ಹೇಳಬೇಕೆಂದುಕೊಂಡ. ಬಂದ ಮಾತೆಲ್ಲ ಇಂಗ್ಲಿಷಿನವು. ಅವನ್ನು ಚಿಗವ್ವನ ಎದುರು ಆಡುವುದು ಹೇಗೆಂದು ತಿಳಿಯದೆ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದ. ಅದು ಮೊದಲೇ ಮುಚ್ಚಿತ್ತು.

ಯಂತ್ರದ ಒಳಗೆ ಹೋಗಲು ಶಂಕ್ರೆವ್ವ ಒಪ್ಪಲಿಲ್ಲ. ಬಿಲದ ಹಾಗಿದೆ ಅಂದಳು. ಯಾರಾದರೂ ಜೊತೆಗೆ ನಿಲ್ಲಬಹುದು ಎಂದ ಶೀತಲ್. ಮಾಂತೇಶನ ಮೊಣಕೈಯಲ್ಲಿ ಹಿಂದೆಂದೋ ಹಾಕಿದ ರಾಡು ಇದ್ದುದರಿಂದ ಅವನನ್ನು ಬಿಡಲಿಲ್ಲ. ಪರಮಾನಂದ ಗಡಿಯಾರ, ಬೆಲ್ಟು, ಕೀಲಿಕೈ, ಬೆರಳಿನ ಉಂಗುರ ಎಲ್ಲ ತೆಗೆದಿಟ್ಟು ಒಳಗೆ ಹೋದ. ಅವಳ ಪಾದ ಹಿಡಿದುಕೊಳ್ಳಲು ಹೇಳಿದರು. ಹಿಡಿದುಕೊಂಡ. ಹಿಮ್ಮಡಿ ಒಡೆದಿತ್ತು, ತಣ್ಣಗಿತ್ತು.

ಯಂತ್ರ ಬಡಿಯತೊಡಗಿತು. "ಉಸಿರ ಹಿಡೀರಿ ಅಮ್ಮಾ," ಎಂದಿತು ಸ್ಪೀಕರಿನಲ್ಲಿ ಶೀತಲನ ದನಿ. "ಬಿಡ್ರಿ." ನಡುವೆ ಒಳಗಿಂದ ಶಂಕ್ರೆವ್ವ ಏನೋ ಕೇಳಿದಂತಾಯಿತು. ಬಡಿತದಲ್ಲಿ ಕೇಳಿಸಲಿಲ್ಲ. ಅವನು "ಹೂಂ" ಎಂದು ಪಾದ ಅದುಮಿದ. ಯಾವುದಕ್ಕೆ ಹೂಂ ಅಂದೆನೆಂದು ಯೋಚಿಸಲು ಹೊರಟವನು, ಹೊರಗೆ ಡಬ್ಬಿಯಲ್ಲಿ ಮಂಜುಗಡ್ಡೆ ಕರಗಿರಬಹುದು, ಕೊಳವೆಗಳು ಬಿಸಿಯಾಗುತ್ತಿರಬಹುದು ಎಂದು ಯೋಚಿಸುತ್ತಿದ್ದ.

ಸ್ಕ್ಯಾನು ಮುಗಿದು ಮಾಂತೇಶ ಅವಳನ್ನು ಸೀರೆ ಉಟ್ಟುಕೊಳ್ಳಲು ಕರೆದೊಯ್ದ. ಡಾಕ್ಟರು ಪರದೆಯನ್ನು ನೋಡಿದರು, ಹಿಂದೆ ಮುಂದೆ ಮಾಡಿದರು. "ಕ್ಲಿಯರ್ ಇಲ್ಲ," ಎಂದು ಯಾರಿಗೂ ಅಲ್ಲದಂತೆ ಹೇಳಿ ಊಟಕ್ಕೆ ಎದ್ದರು.

"ಸರ್, ಈಗ ಖಾಲಿ ಐತ್ರಿ," ಶೀತಲ್ ಅವಸರ ಮಾಡಿದ. "ಲಗೂನ ತರ್ರಿ."

ಕೊಳವೆಗಳ ಚೌಕಟ್ಟನ್ನು ತಲೆಯಿಡುವ ಜಾಗದಲ್ಲಿಟ್ಟು ಇಬ್ಬರೂ ಗಾಜಿನ ಈಚೆಗೆ ಬಂದರು.

"ಹೆಸರ ಹಾಕದ ಮಶಿನ್ ಚಾಲೂ ಆಗಂಗಿಲ್ರಿ. ಹೊಸಾ ಎಂಟ್ರಿ ಮಾಡ್ಕೋತ ಕುಂಡ್ರಾಕ ಟೈಮಿಲ್ಲ. ಆ ಅಮ್ಮಾರ ಹೆಸರಿನ್ಯಾಗ ತಗೀತೇನಿ, ಆಮ್ಯಾಲ ಅಳಿಸಿದ್ರಾತು."

ಪರಮಾನಂದ ಪರದೆಯ ಹತ್ತಿರಕ್ಕೆ ಸರಿದ.

ಪರದೆಯ ಕತ್ತಲಲ್ಲಿ ದುಂಡನೆಯ ಬಿಳುಪುಗಳು ಮೂಡಿದವು. ಮೊದಲನೆಯದು ಮಬ್ಬು, ಆಮೇಲಿನವು ಒಂದಕ್ಕಿಂತ ಒಂದು ಬೆಳ್ಳಗೆ, ಕೊನೆಯದು ಕಣ್ಣು ಕುಕ್ಕುವಷ್ಟು. ಪೇಟೆಯ ಔಷಧ ತುಂಬಿದ ಕೊಳವೆ ಅವುಗಳ ಪಕ್ಕ ಮಂಕಾಗಿತ್ತು. ಇಷ್ಟು ಚೆನ್ನಾಗಿ ಎಂದೂ ಬಂದಿರಲಿಲ್ಲ.

"ಭಾಳ ಛಲೋ ಬಂದಾವ್ರಿ ಸರ್!" ಎಂದು ಶೀತಲ್ ಕೊಳವೆಗಳನ್ನು ತೆಗೆಯಲು ಯಂತ್ರದ ಕೋಣೆಗೆ ಹೋದ.

ಸಂತೋಷ ಬರಲೆಂದು ಪರಮಾನಂದ ಕಾದ. ನೀರಿನಲ್ಲಿ ಯಾವಾಗಲೂ ಬೆಳ್ಳಗಿರುತ್ತದೆ, ನಾಳೆ ಸೀರಮ್ಮಿನಲ್ಲಿ ಹಾಕಿ ನೋಡಬೇಕು ಎಂಬುದಷ್ಟೇ ಬಂತು.

"ಇದ ಅವ್ವಂದೇನು?"

ಮಾಂತೇಶ ಬಾಗಿಲಲ್ಲಿ ನಿಂತಿದ್ದ. ಪರದೆಯ ಮೂಲೆಯಲ್ಲಿದ್ದ ಹೆಸರನ್ನು ಅವನು ಓದಿದ್ದ. "ಖರೇನ ಅವ್ವನ ಹೆಸರ ಐತಿ! ಎಷ್ಟ ಬೆಳ್ಳಗ ಬಂದೈತಲ್ಲ. ಅವ್ವಾ, ಇಲ್ಲಿ ಬಾಬೇ. ಅಣ್ಣ ಹ್ಯಾಂಗೋ ತನ್ನ ಔಷಧ ಹಾಕ್ಯಾನ ನೋಡು, ನಮಗ ಹೇಳವಲ್ಲ ಅಷ್ಟ."

"ಅಲ್ಲ ಮಾಂತೇಶ, ಇದು..."

ಶಂಕ್ರೆವ್ವ ಆಗಲೇ ಪರದೆಯ ಹತ್ತಿರ ಬಂದಿದ್ದಳು. ಅದರ ಬೆಳಕು ಅವಳ ಮುಖದ ಮೇಲೆ ಬಿದ್ದಿತ್ತು. ಸ್ವಂತದ್ದೆಂಬ ಸಂಕೋಚದಿಂದ, ಕುತೂಹಲದಿಂದ ಒಂದೊಂದೇ ಬಿಳುಪನ್ನು ನೋಡಿದಳು. ಆಮೇಲೆ ಬೆರಳು ಅಂಚಿನಲ್ಲಿದ್ದ ಕಡುಬೂದು ವೃತ್ತದ ಮೇಲೆ ನಿಂತಿತು.

"ಇದೊಂದ ಯಾಕ ಕರ್ರಗೈತಿ ತಮ್ಮಾ?"

ಅದು ಹೋಲಿಕೆಗೆಂದು ಇಟ್ಟ ಬರಿಯ ನೀರಿನ ಕೊಳವೆ.

"ಅದರಾಗ ಏನೂ ಇಲ್ಲ ಚಿಗವ್ವ," ಎಂದ.

ಅವಳು ತಡೆದಿದ್ದ ಉಸಿರನ್ನು ಬಿಟ್ಟಳು. "ಕೇಳಿದೇನ್ಲೇ ಮಾಂತು? ಏನೂ ಇಲ್ಲಂತ."

ಮಾಂತೇಶ ಅಲ್ಲೇ ಪರದೆಗೆ ಕೈಮುಗಿದ. ಆಮೇಲೆ ಬಂದು ಪರಮಾನಂದನ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣು ಒದ್ದೆಯಾಗಿತ್ತು. ಬಿಡಿಸಿಕೊಂಡು ಹೇಳಬೇಕಿದ್ದ ಪರಮಾನಂದ, ಹಿಡಿದ ಕೈಗಳನ್ನು ತಾನೂ ಅದುಮಿದ. ಶಂಕ್ರೆವ್ವ ಆಗಲೇ ಹೊರಗೆ ಹೊರಟು, ಚಹಾ ಕುಡಿಯೋಣ ಬರ್ರಿ ಎಂದು ಇಬ್ಬರನ್ನೂ ಕರೆಯುತ್ತಿದ್ದಳು.

ಗಾಜಿನಾಚೆ ಶೀತಲ್ ಗುಂಡಿ ಒತ್ತಿದ. ಯಂತ್ರದ ಬಾಯಿಂದ ಹಾಸಿಗೆ ನಿಧಾನವಾಗಿ ಹೊರಗೆ ಜಾರಿ ಬಂತು. ತಲೆ ಇರಬೇಕಾದಲ್ಲಿ ಕೊಳವೆಗಳಿದ್ದವು. ಅಲ್ಲಿಂದ ಕೆಳಗೆ, ಎದೆಯಿರಬೇಕಾದಲ್ಲಿ, ಹೊಟ್ಟೆಯಿರಬೇಕಾದಲ್ಲಿ, ಪಾದದ ತನಕವೂ, ಬಿಳಿಯ ಚಾದರ ಸುಕ್ಕಿಲ್ಲದೆ ಹಾಸಿತ್ತು.