ಹೌಲ್ಯಾಂಡಿನಲ್ಲಿ ನಿಂತವಳು

ಸುಳ್ಳನ್ನು ಒಂದು ಸಲ ಹೇಳಿ ಕೈ ತೊಳೆದುಕೊಳ್ಳಬಹುದು. ದಿನಾ ಬೆಳಿಗ್ಗೆ ಹತ್ತು ಗಂಟೆಗೆ ಗಂಟಲೆತ್ತಿ ಕೂಗಿ ಹೇಳುವುದಿದೆಯಲ್ಲ, ಆ ಗ್ರಹಚಾರ ಯಾರಿಗೂ ಬೇಡ. ಯಶಸ್ವಿನಿಗೆ ಅದು ಬಂದು ವಕ್ಕರಿಸಿತ್ತು. ಹೊಳೆನರಸೀಪುರದಿಂದ ಹೊರಟು, ಅರಕಲಗೂಡಿನಲ್ಲಿ ಬಸ್ಸು ಬದಲಿಸಿ, ಕೊಣನೂರಿನಾಚೆಯ ಮಾವಿನಕೊಪ್ಪಲಿನ ಸರ್ಕಾರಿ ಶಾಲೆಗೆ ಬರುವ ಅತಿಥಿ ಶಿಕ್ಷಕಿ ಅವಳು. ಶಾಲೆಯಲ್ಲಿ ಇದ್ದ ಮಕ್ಕಳು ಒಂಬತ್ತು. ಹಾಜರಿ ಪುಸ್ತಕದಲ್ಲಿ ಹತ್ತು.

ಹತ್ತನೆಯ ಹೆಸರು ನಿಸರ್ಗ. ಹೋದ ದೀಪಾವಳಿ ಮುಗಿದ ವಾರ, ಏರಿಯ ಮೇಲೆ ಚಪ್ಪಲಿ ಬಿಟ್ಟು ಕಾಲು ತೊಳೆಯಲು ನಾಲೆಗೆ ಇಳಿದ ಮಗು ಮೇಲೆ ಬರಲಿಲ್ಲ. ನಾಲ್ಕು ದಿನ ಹುಡುಕಿದರು. ಚಪ್ಪಲಿ ಸಿಕ್ಕಿತು, ಮಗು ಸಿಗಲಿಲ್ಲ. ಹೆಣ ಸಿಗದಿದ್ದರೆ ಏಳು ವರ್ಷ ಕಳೆಯುವ ತನಕ ಸತ್ತಳೆಂಬ ಕಾಗದ ಹುಟ್ಟುವುದಿಲ್ಲ ಎಂದು ಯಾರೋ ಹೇಳಿದ್ದೇ ತಡ, ಹೆಡ್‌ಮಾಸ್ಟರ್ ಗಂಗಾಧರಯ್ಯ ಆ ಮಾತನ್ನು ಭದ್ರವಾಗಿ ಹಿಡಿದುಕೊಂಡರು. ಮಕ್ಕಳು ಹತ್ತಕ್ಕಿಂತ ಕಡಿಮೆಯಾದರೆ ಶಾಲೆ ಮುಚ್ಚುತ್ತದೆ. ಆಮೇಲೆ ಉಳಿದ ಒಂಬತ್ತೂ ಮಕ್ಕಳು ಕೊಣನೂರಿನ ಶಾಲೆಗೆ ಮೂರು ಕಿಲೋಮೀಟರ್ ಅದೇ ನಾಲೆಯ ಏರಿಯ ಮೇಲೆ ನಡೆಯಬೇಕು. ಬೇರೆ ದಾರಿಯಿಲ್ಲ.

ಹೀಗೆ ಊರೇ ಕೂತು ಒಪ್ಪಿ, ಹೋದ ಮಗುವನ್ನು ಪುಸ್ತಕದಲ್ಲಿ ಬದುಕಿಸಿಕೊಂಡಿತು. ಗಂಗಾಧರಯ್ಯ ಅವಳನ್ನು ನಾಲ್ಕನೇ ಕ್ಲಾಸಿನಿಂದ ಐದಕ್ಕೆ ಪಾಸು ಕೂಡ ಮಾಡಿದ್ದರು, ಅದೂ ಒಳ್ಳೆಯ ಮಾರ್ಕು ಕೊಟ್ಟು! ಹೆಸರನ್ನು ದಿನಾ ಕೂಗಲೇಬೇಕೆಂದು ಅವರ ಕಟ್ಟಪ್ಪಣೆ. ಸಾಹೇಬರು ಬಂದ ದಿನ ಮಕ್ಕಳು ತಡವರಿಸಬಾರದಲ್ಲ? ನಿಸರ್ಗಳ ಹೆಸರು ಬಂದೊಡನೆ ಐದನೇ ಕ್ಲಾಸಿನ ಪ್ರೇಕ್ಷಾ, "ನೀರು ಕುಡಿಯಕ್ಕೋಗವ್ಳೆ ಮಿಸ್" ಎನ್ನಬೇಕು. ಅದನ್ನು ಕಲಿಸುವಾಗ ಆ ಮನುಷ್ಯನ ನಾಲಗೆ ಹೇಗೆ ಹೊರಳಿತೋ, ದೇವರೇ ಬಲ್ಲ.

ಬಿಸಿಯೂಟ ಬೇಯಿಸುವ ಬೆಟ್ಟಮ್ಮನೇ ನಿಸರ್ಗಳ ತಾಯಿ. ಅವಳು ಮಗಳಿಗೆ ತಿಥಿ ಮಾಡಲಿಲ್ಲ, ಎಡೆ ಇಡಲಿಲ್ಲ, ಸತ್ತಳು ಎಂಬ ಮಾತನ್ನೂ ಬಾಯಿಂದ ತೆಗೆಯಲಿಲ್ಲ. "ಕೂಗ್ಲಿ ಬುಡಿ ಸಾ. ಯಾರಾದ್ರೂ ಅವಳ ಎಸ್ರು ಕೂಗ್ತಾ ಇದ್ರೆ ನಂಗೂ ಒಂದು ಸಮಾಧಾನ" ಎಂದಿದ್ದಳು. ದಿನಾ ಆ ಹೊತ್ತಿಗೆ ಅಡುಗೆ ಮನೆಯಲ್ಲಿ ಸೌಟಿನ ಸದ್ದು ನಿಲ್ಲುತ್ತಿತ್ತು. ಹೆಸರು ಕೂಗಿ ಮುಗಿದ ಮೇಲೆ ಮತ್ತೆ ಶುರುವಾಗುತ್ತಿತ್ತು.

ಯಶಸ್ವಿನಿಗೆ ಮೊದಲ ದಿನದಿಂದಲೇ ಒಂದು ಅಳುಕು. ಹತ್ತನೆಯ ಹೆಸರು ಕೂಗಿದೊಡನೆ ಮಕ್ಕಳು ಒಂಬತ್ತೂ ಒಟ್ಟಿಗೆ ಮುಚ್ಚಿದ ಗೇಟಿನ ಕಡೆ ತಿರುಗುತ್ತಿದ್ದರು. ಒಂದು ಗಳಿಗೆ ನೋಡಿ, ಮತ್ತೆ ಪುಸ್ತಕಕ್ಕೆ ಬಗ್ಗುತ್ತಿದ್ದರು. ಅಭ್ಯಾಸಬಲ ಎಂದುಕೊಂಡಳು. ಅಭ್ಯಾಸವಾದರೆ ತನ್ನ ಕತ್ತೇಕೆ ತಣ್ಣಗಾಗಬೇಕು ಎಂದು ಕೇಳಿಕೊಳ್ಳುವ ಧೈರ್ಯ ಮಾತ್ರ ಬರಲಿಲ್ಲ.

ಅವತ್ತು ಜುಲೈ ಎರಡು. ಮಕ್ಕಳ ತಲೆಸಂಖ್ಯೆ ಎಣಿಸಲು ಅರಕಲಗೂಡಿನಿಂದ ಚಂದ್ರಮೌಳಿ ಎಂಬ ಅಧಿಕಾರಿ ಮಧ್ಯಾಹ್ನ ಬರುತ್ತಾರೆಂದು ಹಿಂದಿನ ದಿನವೇ ಸುದ್ದಿ. ಸಾಹೇಬರಿಗೆಂದು ಗೇಟನ್ನು ಪೂರ್ತಿ ತೆರೆದಿಟ್ಟು, ಗಂಗಾಧರಯ್ಯ ಬೆಳಿಗ್ಗೆಯಿಂದ ನಿಂತಲ್ಲಿ ನಿಲ್ಲಲಿಲ್ಲ. ಅವರ ಪೇಚಾಟ ನೋಡಲಾರದೆ ಯಶಸ್ವಿನಿ ಮಕ್ಕಳನ್ನು ಅಂಗಳಕ್ಕೆ ಕರೆತಂದು, ಸುಣ್ಣದ ಪುಡಿಯಲ್ಲಿ ನೆಲದ ತುಂಬ ಪ್ರಪಂಚದ ಭೂಪಟ ಬರೆದಳು. ಸಾವಿರದ ಒಂಬೈನೂರ ಮೂವತ್ತೇಳರಲ್ಲಿ ಭೂಮಿ ಸುತ್ತಲು ಹೊರಟು ಇದೇ ದಿನ ವಿಮಾನದೊಂದಿಗೆ ಕಾಣೆಯಾದ ಅಮೆರಿಕದ ಪೈಲಟ್ ಅಮೇಲಿಯಾ ಇಯರ್‌ಹಾರ್ಟ್‌ಳ ಪಾಠ.

ಎಂಟು ತಂಗುದಾಣ ಗುರುತಿಸಿದಳು. ಪ್ರೇಕ್ಷಾ ಕೈ ಎರಡನ್ನೂ ಚಾಚಿಕೊಂಡು ವಿಮಾನವಾದಳು. ಮಯಾಮಿಯಿಂದ ಹೊರಟು ಬ್ರೆಜಿಲ್, ಆಫ್ರಿಕಾ ದಾಟಿ, ಕರಾಚಿಯಲ್ಲಿ ಇಳಿದು, ಕಲ್ಕತ್ತಕ್ಕೆ ಹಾರಿದಳು. ಒಂದೊಂದು ಊರಿನಲ್ಲೂ ನಿಂತ ಮಗು ಅವಳ ಅಂಗೈಗೆ ಹುಣಸೆಬೀಜ ಇಟ್ಟು, "ತಕಳಿ, ಎಣ್ಣೆ ಆಕ್ಸ್ಕಳಿ" ಎನ್ನಬೇಕು. ನಗುವೋ ನಗು. ರಂಗೂನಿನಲ್ಲಿ ನಿಂತಿದ್ದ ಒಂದನೇ ಕ್ಲಾಸಿನ ಪುಟಾಣಿ ಬೀಜವನ್ನು ಬಾಯಿಗೇ ಹಾಕಿಕೊಂಡಿದ್ದ.

"ಇಲ್ಲಿ ನೋಡಿ, ಇದು ಲೇ ಅನ್ನೋ ಊರು. ಇಲ್ಲಿಂದ ಮುಂದೆ ಬರೀ ನೀರು" ಎಂದಳು ಯಶಸ್ವಿನಿ. ನೀರಿನ ನಡುವೆ ಒಂದು ಸ್ಲೇಟು ಇಟ್ಟಿದ್ದಳು. ಅದು ಹೌಲ್ಯಾಂಡ್ ದ್ವೀಪ, ಮೈಲಿ ಉದ್ದದ ಒಂದು ಚೂರು ನೆಲ. ಅಲ್ಲಿ ಯಾರನ್ನೂ ನಿಲ್ಲಿಸಿರಲಿಲ್ಲ. ಪಕ್ಕದಲ್ಲಿ ನಿಂತ ಹುಡುಗ ದಿಲೀಪ, ಅವಳಿಗಾಗಿ ಕಾದ ಹಡಗು. "ಹಡಗಿನೋರಿಗೆ ಅವಳ ಮಾತು ರೇಡಿಯೋದಲ್ಲಿ ಕೇಳಿಸ್ತಿತ್ತು. ಬರಬರ್ತಾ ಜೋರಾಗೇ ಕೇಳಿಸ್ತು. ಇವರೂ ಕೂಗಿದ್ರು, ಕೂಗಿದ್ರು. ಅವಳಿಗೆ ಇವರ ಮಾತು ಸರಿಯಾಗಿ ಮುಟ್ಟಲೇ ಇಲ್ಲ."

"ಎಷ್ಟೊತ್ತು ಕೂಗುದ್ರು ಮಿಸ್?" ಎಂದ ದಿಲೀಪ.

"ತುಂಬಾ ಹೊತ್ತು. ಉತ್ತರ ನಿಂತುಹೋದ ಮೇಲೂ ಕೂಗ್ತಾನೇ ಇದ್ರು."

ಪ್ರೇಕ್ಷಾ ಕೈ ಚಾಚಿಕೊಂಡೇ ಸ್ಲೇಟಿನ ಹತ್ತಿರ ಹೋದವಳು ಒಂದು ಹೆಜ್ಜೆ ಹಿಂದೆಯೇ ನಿಂತುಬಿಟ್ಟಳು.

"ಇಳೀ ಪ್ರೇಕ್ಷಾ" ಎಂದಳು ಯಶಸ್ವಿನಿ.

"ಇಳಿಯಕ್ ಜಾಗ ಇಲ್ಲ ಮಿಸ್. ನಿಸರ್ಗ ನಿಂತವ್ಳೆ."

ಯಶಸ್ವಿನಿ ತಿರುಗಿ ನೋಡಿದಳು. ಸ್ಲೇಟಿನ ಮೇಲೆ ಯಾರೂ ಇರಲಿಲ್ಲ. ಬಿಸಿಲು ಚುರುಗುಟ್ಟುತ್ತಿತ್ತು, ಅಂಗಳವೆಲ್ಲ ಒಣಗಿ ಬಿರುಕು ಬಿಟ್ಟಿತ್ತು. ಸ್ಲೇಟಿನ ಸುತ್ತಲಿನ ಸುಣ್ಣ ಮಾತ್ರ ನೆನೆದು, ಮಣ್ಣಿಗೆ ಅಂಟಿಕೊಂಡಿತ್ತು.

"ತಮಾಷೆ ಮಾಡ್ಬಾರ್ದು" ಎಂದಳು.

"ತಮಾಸೆ ಅಲ್ಲ ಮಿಸ್. ದಿನಾ ಬತ್ತಾಳೆ. ನೀವು ಕೂಗ್ತೀರಲ್ಲ, ಅದುಕ್ಕೆ ಗೇಟ್‌ಗಂಟ ಬತ್ತಾಳೆ. ಒಳೀಕ್ ಬರನ ಅನ್ನಷ್ಟ್ರಲ್ಲಿ ನೀವು ಪುಸ್ತಕ ಮುಚ್ಬುಡ್ತೀರಿ. ಇವತ್ತು ಗೇಟ್ ತಗ್ದದೆ, ಬಂದವ್ಳೆ."

ಯಶಸ್ವಿನಿ ತೆರೆದ ಗೇಟಿನ ಕಡೆ ನೋಡಿದಳು. ಎಂಟು ತಿಂಗಳಿಂದ ಒಂದು ಮಗುವನ್ನು ಬಾ ಬಾ ಎಂದು ಕರೆದು, ಬಂದೊಡನೆ ಬಾಗಿಲು ಹಾಕಿದವರು ಯಾರು? ಬೇರೆ ಯಾರೂ ಅಲ್ಲ, ತಾನೇ. ಅಡುಗೆ ಮನೆಯ ಬಾಗಿಲಲ್ಲಿ ಬೆಟ್ಟಮ್ಮ ಸೌಟು ಹಿಡಿದುಕೊಂಡು ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಆಗಲೇ ಗೇಟಿನ ಬಳಿ ಸ್ಕೂಟರ್ ನಿಂತಿತು. ಮಧ್ಯಾಹ್ನ ಬರಬೇಕಾದ ಚಂದ್ರಮೌಳಿ ಹನ್ನೊಂದಕ್ಕೇ ಬಂದಿದ್ದರು. ಹೆಲ್ಮೆಟ್ ತೆಗೆದು, ಅಲ್ಲಿಂದಲೇ ಪೆನ್ನಿನ ತುದಿಯಲ್ಲಿ ಒಂದೊಂದು ತಲೆಯನ್ನೂ ಎಣಿಸುತ್ತಾ ಒಳಗೆ ಬಂದರು.

"ಹತ್ತು" ಎಂದು ಬರೆದುಕೊಂಡರು. "ಪರವಾಗಿಲ್ಲ ಕಣ್ರೀ ಮೇಷ್ಟ್ರೇ, ಸರಿಯಾಗೇ ಇದೆ. ನಿಮ್ಮ ಶಾಲೆ ಬಗ್ಗೆ ಏನೇನೋ ಹೇಳಿದ್ರು."

ಗಂಗಾಧರಯ್ಯನವರು ಮಕ್ಕಳ ಕಡೆ ತಿರುಗಿದರು. ಅವರೂ ಎಣಿಸಿದರು, ತುಟಿ ಅಲ್ಲಾಡುವುದು ಕಾಣುತ್ತಿತ್ತು. ಅವರ ಲೆಕ್ಕ ಒಂಬತ್ತಕ್ಕೇ ನಿಂತಿತು.

"ಒಂದ್ಸಲ ಹೆಸರು ಕೂಗಿಬಿಡಿ ಮೇಡಂ, ಸಹಿ ಹಾಕಿ ಹೊರಡ್ತೀನಿ" ಎಂದರು ಚಂದ್ರಮೌಳಿ.

ಯಶಸ್ವಿನಿ ಪುಸ್ತಕ ತೆರೆದಳು. ಒಂಬತ್ತು ಹೆಸರು ಕೂಗಿದಳು, ಒಂಬತ್ತು ಉತ್ತರ ಬಂತು. ಹತ್ತನೆಯದರ ಮೇಲೆ ಬೆರಳಿಟ್ಟು ನಿಂತಳು. ಇದೊಂದು ಹೆಸರು ಕೂಗಿದರೆ ಶಾಲೆ ಉಳಿಯುತ್ತದೆ, ಒಂಬತ್ತು ಮಕ್ಕಳು ನಾಲೆಯ ಏರಿ ತುಳಿಯುವುದಿಲ್ಲ. ಕೂಗಿದರೆ ಅದೋ, ಆ ಸ್ಲೇಟಿನ ಮೇಲಿರುವುದು ನಾಳೆಯೂ ಬರುತ್ತದೆ, ನಾಡಿದ್ದೂ ಬರುತ್ತದೆ. ಅತ್ತ ದರಿ, ಇತ್ತ ಪುಲಿ. ಕೂಗು ಕೂಗು ಎಂದು ಗಂಗಾಧರಯ್ಯ ಕಣ್ಣಲ್ಲೇ ಅಂಗಲಾಚುತ್ತಿದ್ದರು. ಅವಳು ಬಾಯಿ ತೆರೆದಳು.

"ಕೂಗಬ್ಯಾಡಿ ಮಿಸ್" ಎಂದಳು ಬೆಟ್ಟಮ್ಮ. ಸೌಟನ್ನು ಕಟ್ಟೆಯ ಮೇಲಿಟ್ಟು ಅಂಗಳಕ್ಕೆ ಇಳಿದಳು. "ಸಾ, ಅದು ನನ್ನ ಮಗು. ನಾಲೇಲಿ ಓಗ್ಬುಡ್ತು. ಸತ್ತೋಗದೆ ಸಾ."

ಸತ್ತೋಗದೆ ಎಂಬ ಮಾತು ಆ ಬಾಯಿಂದ ಬಂದದ್ದು ಅದೇ ಮೊದಲು.

ಚಂದ್ರಮೌಳಿ ಅವಳನ್ನೂ ಸ್ಲೇಟನ್ನೂ ಮತ್ತೆ ಮತ್ತೆ ನೋಡಿದರು. "ಏನಮ್ಮಾ ನೀನು ಹೇಳೋದು? ಮತ್ತೆ ಅಲ್ಲಿ ನಿಂತಿರೋದು ಯಾರು?"

ಬೆಟ್ಟಮ್ಮ ಅವರು ತೋರಿಸಿದ ಕಡೆ ನೋಡಿದಳು. ಕಣ್ಣು ಕಿರಿದು ಮಾಡಿ ನೋಡಿದಳು, ಅರಳಿಸಿ ನೋಡಿದಳು. ಮಕ್ಕಳಿಗೆ ಕಾಣುತ್ತಿತ್ತು, ಎಲ್ಲಿಂದಲೋ ಬಂದ ಪರಕೀಯನಿಗೆ ಕಾಣುತ್ತಿತ್ತು. ಒಂಬತ್ತು ತಿಂಗಳು ಹೊತ್ತವಳಿಗೆ ಬರೀ ಸುಣ್ಣದ ಗೆರೆ. ಇದೆಂಥ ಅನ್ಯಾಯ! ಯಶಸ್ವಿನಿಗೆ ಹೋಗಿ ಅವಳನ್ನು ತಬ್ಬಿಕೊಳ್ಳಬೇಕೆನಿಸಿತು.

"ಯಾವ ಬಟ್ಟೆ ಹಾಕವ್ಳೆ ಸಾ?"

"ಯೂನಿಫಾರ್ಮು. ಯಾಕಮ್ಮ, ನಿನಗೆ ಕಾಣ್ತಿಲ್ವ? ತಲೆಯಿಂದ ನೀರು ಸುರೀತಿದೆ ಮಗೂಗೆ…" ಅಷ್ಟು ಹೇಳಿದ ಮೇಲೆ ಚಂದ್ರಮೌಳಿಗೆ ತಾನೇನು ಹೇಳುತ್ತಿದ್ದೇನೆಂದು ಹೊಳೆಯಿತು.

"ಅಯ್ಯೋ ನನ್ನ ಕಂದ, ತಲೆ ವರೆಸೋರಿಲ್ದಂಗೆ…" ಎಂದು ಬೆಟ್ಟಮ್ಮ ಸೆರಗು ಹಿಡಿದು ಎರಡು ಹೆಜ್ಜೆ ಮುಂದೆ ಹೋದಳು. ಹೋದವಳು ಹಲ್ಲು ಕಚ್ಚಿ ಅಲ್ಲೇ ನಿಂತಳು. ಸೆರಗನ್ನು ಸೊಂಟಕ್ಕೆ ಬಿಗಿದಳು.

"ನಿಸರ್ಗಾ, ಕೇಳವ್ವ. ನಿನ್ನ ಸುಳ್‌ಸುಳ್ಳೇ ಕೂಗಿ ಕೂಗಿ ನಿಲ್ಲಿಸ್ಕಂಡಿದ್ದು ನಾವು. ಅವ್ರೆಲ್ಲ ಇಸ್ಕೂಲಿಗೆ ಅಂತ ಕೂಗುದ್ರು, ನಾನು ನನ್ನ ಒಟ್ಟೆ ಸಂಕ್ಟಕ್ಕೆ ಕೂಗುಸ್ದೆ. ತಪ್ಪಾಯ್ತು ಕಣವ್ವ. ನಾಳಿಂದ ಯಾರೂ ಕೂಗಾಕಿಲ್ಲ. ನೀನು ಓಗು."

ಹೋಗಿ ಬಾ ಎನ್ನುವುದು ನಮ್ಮ ಕಡೆಯ ವಾಡಿಕೆ. ಬರೀ ಹೋಗು ಎಂದು ಹೆತ್ತ ಮಗುವಿಗೆ ಯಾವ ತಾಯಿಯೂ ಹೇಳುವುದಿಲ್ಲ. ಬೆಟ್ಟಮ್ಮ ಅದನ್ನೇ ಇನ್ನೊಮ್ಮೆ ಹೇಳಿದಳು, ಗಟ್ಟಿಯಾಗಿ. "ಓಗು ಮಗ."

ಗಾಳಿಯಿರಲಿಲ್ಲ. ಗೇಟು ಕಿರ್ರೆಂದಿತು.

ಚಂದ್ರಮೌಳಿ ತಮ್ಮ ಹಾಳೆಯ ಮೇಲೆ ಹತ್ತನ್ನು ಹೊಡೆದು ಒಂಬತ್ತು ಎಂದು ತಿದ್ದಿದರು. ಯಾರ ಮುಖವನ್ನೂ ನೋಡಲಿಲ್ಲ. ಗಂಗಾಧರಯ್ಯ ಕಟ್ಟೆಯ ಮೇಲೆ ಕುಸಿದು ಕುಳಿತರು. ಶಾಲೆಯ ಕಥೆ ಮುಗಿಯಿತೆಂದು ಯಶಸ್ವಿನಿಗೆ ಗೊತ್ತಾಯಿತು. ಅವಳು ಪುಸ್ತಕದ ಹತ್ತನೆಯ ಸಾಲಿಗೆ ಕೆಂಪು ಗೆರೆ ಎಳೆದಳು. ಎಳೆಯುವಾಗ ಅತ್ತಳು.

ಬೆಟ್ಟಮ್ಮ ಗೇಟಿನ ಕಡೆಯೇ ನೋಡುತ್ತಾ ನಿಂತಿದ್ದಳು.

"ಪ್ರೇಕ್ಷಾ, ಓಗ್ಬುಟ್ಲಾ?"

"ಊಂ ಅತ್ತೆ. ಓಗ್ಬುಟ್ಲು."

"ತಿರುಗಿ ನೋಡುದ್ಲಾ?"

ಪ್ರೇಕ್ಷಾ ಗೇಟಿನ ಕಡೆ ನೋಡಿ, ಬೆಟ್ಟಮ್ಮನ ಮುಖ ನೋಡಿದಳು. "ಇಲ್ಲ ಅತ್ತೆ. ನೋಡ್ಲಿಲ್ಲ."

"ಒಳ್ಳೇದಾಯ್ತು" ಎಂದಳು ಬೆಟ್ಟಮ್ಮ. "ನೋಡ್ಬಾರ್ದು. ಓಗೋರು ತಿರುಗಿ ನೋಡ್ಬಾರ್ದು." ಅಷ್ಟು ಹೇಳಿ ಸುಣ್ಣದ ಕಡಲಿನ ನಟ್ಟನಡುವೆ ಕುಕ್ಕರಿಸಿ, ಎಂಟು ತಿಂಗಳಿಂದ ಅಳದವಳು ಎದೆ ಬಡಿದುಕೊಂಡು ಅಳತೊಡಗಿದಳು.