ಮಾಳಿಗೆಯ ಮುಳ್ಳು

ಮೂಡಲಗಿಯ ಆ ಓಣಿಯಲ್ಲಿ ಮಣ್ಣಿನ ಮಾಳಿಗೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಹೆಂಗಸರು ಕೆಳಗಿನ ದಾರಿಗಿಂತ ಮೇಲೆಯೇ ಹೆಚ್ಚು ಓಡಾಡುತ್ತಿದ್ದರು. ಹೋದ ವರ್ಷ ಪಕ್ಕದ ಮನೆಯ ಗೌರಕ್ಕನ ಕೋಳಿಗಳು ತಾವು ಒಣಹಾಕಿದ ಜೋಳ ತಿಂದವೆಂದು, ಪದ್ಮವ್ವನ ಗಂಡ ಉದ್ದಪ್ಪ ಎರಡು ಮಾಳಿಗೆಗಳ ನಡುವೆ ಎದೆಮಟ್ಟಕ್ಕೆ ಜಾಲಿಮುಳ್ಳು ಒಟ್ಟಿದ. ಅಂದಿನಿಂದ ಮಾತೂ ನಿಂತಿತು.

ಗೇಣಿಗೆ ಉಳುವ ಹೊಲ ತನ್ನ ಹೆಸರಿಗಾಗಲೆಂದು ಉದ್ದಪ್ಪ ಗೋಕಾಕದ ಕಚೇರಿಗೆ ಅರ್ಜಿ ಕೊಟ್ಟು ಬಂದು, ಜ್ವರದಿಂದ ಮಲಗಿದ್ದ. ಓಣಿಯ ಗಂಡಸರೆಲ್ಲ ಹೊಲಕ್ಕೆ ಹೋಗಿದ್ದ ಮಧ್ಯಾಹ್ನ, ಆ ಹೊಲದ ಧಣಿಯ ಆಳು ಶೆಟ್ಟೆಪ್ಪ ಮೂವರನ್ನು ಕರೆದುಕೊಂಡು ಬಂದು ಬಾಗಿಲಿಗೆ ಕೊಡಲಿ ಹಾಕಿದ.

"ಬಾರಲೇ ಹೊರಗ! ಹೊಲ ಬೇಕಲ್ಲ ನಿನಗ? ಮಲಗಾಕ ಆಗೂವಷ್ಟು ಅಳದ ಕೊಡ್ತೇನಿ!"

ಪದ್ಮವ್ವ ಗಂಡನನ್ನು ನಿಚ್ಚಣಿಕೆ ಹತ್ತಿಸಿದಳು. ಅವನ ತಲೆ ಮಾಳಿಗೆಯ ಬೆಳಕಿಂಡಿಯಿಂದ ಹೊರಬರುವಷ್ಟರಲ್ಲಿ ಬಾಗಿಲು ಮುರಿಯಿತು. ಅವನನ್ನು ಮೇಲೆ ನೂಕಿ ಅವಳೂ ಹತ್ತಿದಳು. ಆದರೆ ಕೆಳಗಿನಿಂದ ಬೀಸಿದ ಕೊಡಲಿ ಅಷ್ಟರಲ್ಲೇ ಉದ್ದಪ್ಪನ ಮೀನಖಂಡವನ್ನು ಎಲುಬಿನವರೆಗೆ ಸೀಳಿತ್ತು. ಅವನು ತೆವಳಿ ತಾನೇ ಒಟ್ಟಿದ ಮುಳ್ಳಿನ ಎದುರಿಗೆ ಬಂದು ಬಿದ್ದ. ದಾರಿ ಇರಲಿಲ್ಲ.

"ಗೌರಕ್ಕಾ!" ಪದ್ಮವ್ವ ಕೂಗಿದಳು.

ಗೌರಕ್ಕ ಮುಳ್ಳಿನ ಅತ್ತ ತನ್ನ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದಳು. ಒಂದು ಕ್ಷಣ ನೋಡಿದಳು. ಆಮೇಲೆ ಬರಿಗೈಯಿಂದಲೇ ಮುಳ್ಳಿನ ಹೊರೆ ತಬ್ಬಿ ಎಳೆದಳು.

"ಹಿಡಿಯ, ಹಿಡಿಯ! ಕಿಂಡ್ಯಾಗ ಹಾಕೂಣು!"

ಇಬ್ಬರೂ ಸೇರಿ ಮುಳ್ಳನ್ನು ಬೆಳಕಿಂಡಿಯೊಳಗೆ ತುಳಿದು ತಳ್ಳಿದರು. ನಿಚ್ಚಣಿಕೆಯ ಮೇಲಿದ್ದ ಶೆಟ್ಟೆಪ್ಪ ಕಣ್ಣು ಮುಚ್ಚಿಕೊಂಡು ಚೀರುತ್ತ ಬಿದ್ದ.

"ಅಲ್ಲವ್ವಾ, ಕೆಂಡಾ ತಾ!" ಗೌರಕ್ಕ ಓಣಿಯ ತುದಿಗೆ ಕೇಳುವಂತೆ ಕೂಗಿದಳು.

ಆಚೆ ತುದಿಯ ಅಲ್ಲವ್ವನ ಒಲೆಯ ಕೆಂಡ ಮಡಕೆಯಲ್ಲಿ ಮಾಳಿಗೆಯಿಂದ ಮಾಳಿಗೆಗೆ, ಕೈಯಿಂದ ಕೈಗೆ ಬಂತು. ಕೆಂಡ ಸುರಿದು, ಮೇಲೆ ಮೆಣಸಿನಕಾಯಿ ಸುರಿದು, ಗೌರಕ್ಕ ಕಿಂಡಿಗೆ ಹಾಸುಗಲ್ಲು ಎಳೆದಳು. ಹೊಗೆಗೆ ಮೇಲೆ ದಾರಿಯಿಲ್ಲದೆ ಮನೆ ತುಂಬಿತು. ಒಳಗಿದ್ದವರು ಕೆಮ್ಮುತ್ತ, ಕುರುಡರಂತೆ ತಡಕಾಡುತ್ತ ಓಣಿಗೆ ಬಂದರು. ಎರಡೂ ಕಡೆಯ ಮಾಳಿಗೆಗಳಿಂದ ಕಲ್ಲು ಬಿದ್ದವು. ಅಲ್ಲವ್ವ ಎತ್ತಿ ಹಾಕಿದ ರುಬ್ಬುಗುಂಡು ಶೆಟ್ಟೆಪ್ಪನ ಹೆಗಲಿಗೆ ಬಿತ್ತು. ಎಲುಬು ಮುರಿದ ಸದ್ದು ಮೇಲಿನವರೆಗೆ ಕೇಳಿಸಿತು. ಮಿಕ್ಕವರು ಅವನನ್ನು ಎಳೆದುಕೊಂಡು ಓಡಿದರು.

ಪದ್ಮವ್ವನ ಮನೆ ಉರಿಯುತ್ತಿತ್ತು. ರಕ್ತ ನಿಲ್ಲದ ಉದ್ದಪ್ಪನನ್ನು ಕೌದಿಯಲ್ಲಿ ಮಲಗಿಸಿ, ಹೆಂಗಸರು ಮಾಳಿಗೆಯ ಮೇಲಿಂದಲೇ ಓಣಿಯ ಕೊನೆಗೆ ಒಯ್ದು, ಗೋಕಾಕದ ದವಾಖಾನೆಗೆ ಹೊರಟ ಬಂಡಿಗೆ ಇಳಿಸಿದರು. ಸುದ್ದಿ ಕೇಳಿ ಹೊಲದಿಂದ ಓಡಿಬಂದ ಅವನ ತಮ್ಮ ಕರೆಪ್ಪ ಬಂಡಿಯಲ್ಲಿ ಕುಳಿತ.

ಸಂಜೆ ಪದ್ಮವ್ವ ಗೌರಕ್ಕನ ಅಂಗೈಯನ್ನು ತೊಡೆಯ ಮೇಲಿಟ್ಟುಕೊಂಡು ಸೂಜಿಯಿಂದ ಮುಳ್ಳು ತೆಗೆಯುತ್ತಿದ್ದಳು. ಕಣ್ಣು ಮಾತ್ರ ಗೋಕಾಕದ ದಾರಿಯ ಕಡೆಗೇ ಹೋಗುತ್ತಿತ್ತು.

ಗೌರಕ್ಕ ಕೈ ಎಳೆದುಕೊಂಡಳು. "ಇದೊಂದು ಇರ್ಲಿ ಬಿಡ. ಒಟ್ಟಿದಾಂವ ತಿರುಗಿ ಬರ್ಲಿ, ಅವನ ಕೈಲೇನ ತಗಿಸ್ತೇನಿ."