ಹನ್ನೊಂದು ಗಂಟೆಯ ಅಲೆ

ಮೆದುಳಿನ ಕೆಲಸವನ್ನು ಕಂಪ್ಯೂಟರಿನ ಲೆಕ್ಕಕ್ಕೆ ಇಳಿಸುವ ವಿದ್ಯೆ ಕಲಿಸುತ್ತಿದ್ದ ಪ್ರೊಫೆಸರರದು ಒಂದು ವಿಚಿತ್ರ ಕಟ್ಟಳೆ. ತರಬೇತಿ ಮುಗಿಯುವ ಮುಂಚೆ ಪ್ರತಿ ವಿದ್ಯಾರ್ಥಿಯೂ ತನ್ನ ಕೆಲಸವನ್ನು ಮನೆಯ ಒಬ್ಬರಿಗೆ ವಿವರಿಸಿ, 'ನನಗೆ ಅರ್ಥವಾಯಿತು' ಎಂದು ಸಹಿ ಹಾಕಿಸಿಕೊಂಡು ಬರಬೇಕು. ಆ ಸಹಿ ಇಲ್ಲದೆ ಶಿಫಾರಸು ಪತ್ರವಿಲ್ಲ, ಪತ್ರವಿಲ್ಲದೆ ಯಾವ ಪ್ರಯೋಗಾಲಯದಲ್ಲೂ ಕೆಲಸವಿಲ್ಲ. ಉಳಿದವರ ಅಮ್ಮಂದಿರು ಒಲೆಯ ಮುಂದೆ ನಿಂತೇ, ಒಂದಕ್ಷರ ಓದದೆ, ಪ್ರೀತಿಯಿಂದ ಗೀಚಿ ಕೊಟ್ಟಿದ್ದರು. ನಮ್ಮ ಹುಡುಗಿಗೆ ಗಂಟುಬಿದ್ದದ್ದು ಅಜ್ಜಿ.

ಅಜ್ಜಿ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರವರ ಲೈನುಗಳಿಗೆ ಕಿವಿಗೊಟ್ಟು ಕೂತವಳು. ಅರ್ಥವಾಗದೆ ತಲೆಯಾಡಿಸುವುದು ಅವಳ ಜಾಯಮಾನದಲ್ಲೇ ಇರಲಿಲ್ಲ.

"ತಲೆಗೆ ಒಂದು ತಂತಿ ಬಲೆ ತೊಡಿಸ್ತೀವಿ ಅಜ್ಜಿ. ಒಳಗಿನ ಸಣ್ಣ ಕರೆಂಟು ಪರದೆ ಮೇಲೆ ಗೆರೆಯಾಗಿ ಕಾಣತ್ತೆ. ದಿನಾ ಹನ್ನೊಂದಕ್ಕೆ ಸರಿಯಾಗಿ ದೊಡ್ಡ ಅಲೆ ಏಳತ್ತೆ, ನಾಲ್ಕು ನಿಮಿಷ. ಆಗ ಮೆದುಳಿಗೆ ಎಲ್ಲ ತಟ್ಟನೆ ಹೊಳೆಯತ್ತೆ ಅಂತ ನಮ್ಮ ಸರ್ ಕಂಡುಹಿಡಿದಿದ್ದಾರೆ. ಆ ಅಲೆನ ಗುರುತಿಸೋ ಪ್ರೋಗ್ರಾಮ್ ನಂದು."

"ಯಾರ ತಲೇಲಿ?"

"ಯಾರು ಕೂತ್ರೂ ಬರತ್ತೆ."

"ದಡ್ಡರಿಗೂ?"

"ಒಬ್ಬ ಬಲೆ ತೊಟ್ಕೊಂಡೇ ಗೊರಕೆ ಹೊಡೀತಿದ್ದ. ಅವನಿಗೂ ಬಂತು. ನಿದ್ದೇಲೂ ಕಲೀತಿದ್ದಾನೆ ಅಂತ ಸರ್ ಬೆನ್ನು ತಟ್ಟಿದ್ರು."

ಅಜ್ಜಿ ಪೆನ್ನಿಗೆ ಮುಚ್ಚಳ ಹಾಕಿಬಿಟ್ಟಳು. "ಎಲ್ಲಾ ಲೈನಲ್ಲೂ ಒಂದೇ ಹೊತ್ತಿಗೆ ಗುಂಯ್ ಅಂದ್ರೆ ಅದು ಮಾತಾಡೋರ ದನಿ ಅಲ್ಲ ಕಣೇ, ಪಕ್ಕದ ಕರೆಂಟು. ಮೆದುಳೇ ಇಲ್ಲದ್ದಕ್ಕೆ ತೊಡಿಸಿ ನೋಡು. ಆಮೇಲೆ ಸಹಿ."

ಹನ್ನೆರಡು ವರ್ಷದಿಂದ ಪ್ರೊಫೆಸರರು ಆ ಅಲೆಯನ್ನು ತಲೆಯ ಮೇಲೆ ಹೊತ್ತು ಮೆರೆಸಿದ್ದರು. ಬೆನ್ನ ಹಿಂದೆ ಎಲ್ಲರೂ ಕರೆಯುತ್ತಿದ್ದದ್ದೇ ಅಲೆ ಮೇಷ್ಟ್ರು ಎಂದು. ಅದು ಸುಳ್ಳೆಂದು ತೋರಿಸಿದರೆ ಪತ್ರಕ್ಕೆ ಎಳ್ಳುನೀರು. ಅಪ್ಪನ ಕೈಲಿ ಸಹಿ ಹಾಕಿಸಿ ಸುಮ್ಮನಾಗೋಣ ಎಂದೂ ಅನ್ನಿಸಿತು. ಆದರೆ ಅಜ್ಜಿ ಬಿಟ್ಟ ಅನುಮಾನದ ಹುಳ ಆಗಲೇ ಕೊರೆಯತೊಡಗಿತ್ತು.

ಮರುದಿನ ಅವಳು ಪ್ರಯೋಗದ ಕೋಣೆಗೆ ಕಲ್ಲಂಗಡಿ ಹಣ್ಣೊಂದನ್ನು ಹೊತ್ತು ತಂದಳು. ಕುರ್ಚಿಯ ಮೇಲೆ ಕೂರಿಸಿ, ಉರುಳದಂತೆ ಸುತ್ತ ಟವೆಲ್ ಒತ್ತಿ, ಎಲ್ಲರ ತಲೆಗೆ ಹಚ್ಚುವ ಅಂಟನ್ನೇ ಹಚ್ಚಿ ಬಲೆ ತೊಡಿಸಿದಳು. ಇಲ್ಲದ ಗಲ್ಲಕ್ಕೆ ಪಟ್ಟಿಯನ್ನೂ ಬಿಗಿದಳು. ಹನ್ನೊಂದಾಯಿತು. ಗೋಡೆಯಾಚೆ ಪ್ರೊಫೆಸರರ ಕೋಣೆಯಲ್ಲಿ ಟಕ್ ಎಂದು ಸ್ವಿಚ್ಚಿನ ಸದ್ದಾಯಿತು. ಕಲ್ಲಂಗಡಿಗೆ ಜ್ಞಾನೋದಯವಾಯಿತು.

ನಾಲ್ಕು ನಿಮಿಷ ಬಿಟ್ಟು ಇನ್ನೊಂದು ಟಕ್, ಅಲೆ ಮಲಗಿತು. ಪ್ರೊಫೆಸರರು ಚಹಾದ ಕಪ್ಪು ಹಿಡಿದು ಒಳಗೆ ಬಂದವರೇ ಪರದೆಗೆ ಮುಖ ಹಚ್ಚಿದರು.

"ಆಹಾ! ಇಷ್ಟು ಶುದ್ಧವಾದ ಅಲೆ ನಾನು ನೋಡೇ ಇಲ್ಲ. ಯಾರಮ್ಮ ಈ ಬುದ್ಧಿವಂತ?"

ಹುಡುಗಿ ಕುರ್ಚಿಯತ್ತ ಕೈ ತೋರಿಸಿದಳು. ಪ್ರೊಫೆಸರರು ಹಣ್ಣಿನ ಸುತ್ತ ಒಂದು ಸುತ್ತು ಬಂದರು. ಬೇರೆ ಯಾರಾದರೂ ಇದ್ದಾರೋ ಎಂದು ಕುರ್ಚಿಯ ಕೆಳಗೂ ಬಗ್ಗಿ ನೋಡಿದರು.

"ನಿಮ್ಮ ಚಹಾದ ಕರೆಂಟ್ ಕೆಟಲ್ಲು ಸರ್," ಎಂದಳು ಹುಡುಗಿ. "ಅದರ ವೈರು ಈ ಗೋಡೆಯೊಳಗೇ ಹಾದುಹೋಗತ್ತೆ."

ಅವರು ಕಪ್ಪಿನೊಳಗೆ ನೋಡಿದರು, ಹಣ್ಣನ್ನು ನೋಡಿದರು, ಹೊರಟುಹೋದರು. ಹುಡುಗಿಗೆ ನಿಜಕ್ಕೂ ಪಾಪ ಅನ್ನಿಸಿತು. ತನ್ನ ಬಗ್ಗೆಯೂ ಅನ್ನಿಸಿತು. ಸಂಜೆ ಅಜ್ಜಿ ಹಣ್ಣನ್ನು ತೊಳೆದು ಹೆಚ್ಚುವ ಮೊದಲು ಕಾಗದಕ್ಕೆ ದುಂಡಗೆ ಸಹಿ ಹಾಕಿದಳು. "ಕೆಲಸ ಸಿಗದಿದ್ರೂ ಅರ್ಥ ಆಯ್ತಲ್ಲ," ಎಂದು ದೊಡ್ಡ ಹೋಳನ್ನೇ ಕೊಟ್ಟಳು.

ಮಾರನೆಯ ದಿನ ಹನ್ನೊಂದಕ್ಕೆ ಟಕ್ ಎನ್ನಲಿಲ್ಲ. ಪರದೆಯ ಮೇಲೆ ಅಲೆಯ ಸುಳಿವಿಲ್ಲ. ಹತ್ತು ನಿಮಿಷ ಕಳೆದು ಪ್ರೊಫೆಸರರು ಪತ್ರ ಹಿಡಿದು ಬಂದರು. 'ಗುರು ಹೇಳಿದ್ದನ್ನೂ ಕಲ್ಲಂಗಡಿಯ ಮೇಲೆ ಪರೀಕ್ಷಿಸುವವಳು. ತಡಮಾಡದೆ ಕೆಲಸಕ್ಕೆ ತೆಗೆದುಕೊಳ್ಳಿ' ಎಂದಿತ್ತು. ಹುಡುಗಿ ಕೊಟ್ಟ ಕಾಗದದಲ್ಲಿ ಅಜ್ಜಿಯ ಸಹಿಯನ್ನು ಎರಡು ಸಲ ಓದಿ, ಪತ್ರದ ಕೆಳಗೆ ತಮ್ಮದನ್ನು ಹಾಕಲು ಹೊರಟರು. ಕೈ ಗಡಗಡ ನಡುಗುತ್ತಿತ್ತು.

ಹುಡುಗಿಯ ಕಣ್ಣು ತುಂಬಿತು. "ತುಂಬಾ ಬೇಜಾರಾಯ್ತಾ ಸರ್?"

"ಬೇಜಾರಲ್ಲಮ್ಮ," ಎಂದರು ಪ್ರೊಫೆಸರರು. "ಬೆಳಗಿಂದ ಚಹಾ ಕುಡಿದಿಲ್ಲ."